ಲ್ಯಾಪ್‌ಟಾಪ್‌ನ ಟರ್ಬೊ ಓಟ: ಸ್ವಲ್ಪ ಹೊತ್ತಿನ ವೇಗದ ಹಿಂದಿನ ಕತೆ

ಲ್ಯಾಪ್‌ಟಾಪ್ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಹೇಳುವುದು ಗಿಗಾಹರ್ಟ್ಸ್ ಲೆಕ್ಕ. ಮನೆಗೆ ತಂದು ದೊಡ್ಡ ವಿಡಿಯೊ ಎಡಿಟ್ ಮಾಡಲು ಕೂತರೆ ಅರ್ಧ ನಿಮಿಷ ಜೋರಾಗಿ ಓಡಿ, ಆಮೇಲೆ ನಿಧಾನವಾಗುತ್ತದೆ. ಹಾಗಾದರೆ ನಾವು ಮೋಸ ಹೋದೆವಾ? ಇದಕ್ಕೆ ಉತ್ತರ ಬೇಕಾದರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಆಗ ವೇಗ ಹೆಚ್ಚಿಸಿದಷ್ಟೂ ಚಿಪ್ ಬಿಸಿಯಾಗುತ್ತಿತ್ತು. 4 ಗಿಗಾಹರ್ಟ್ಸ್‌ನ ಪೆಂಟಿಯಮ್ 4 ತರುವ ಯೋಜನೆಯನ್ನು ಇಂಟೆಲ್ 2004ರಲ್ಲಿ ಕೈಬಿಟ್ಟಿತು. ಒಂದೇ ಚಿಪ್ಪಿನಲ್ಲಿ ಎರಡು, ನಾಲ್ಕು ಕೋರ್‌ಗಳು ಬಂದವು. ಆದರೆ ಎಷ್ಟೋ ಕೆಲಸಗಳಿಗೆ ಒಂದೇ ಕೋರ್ ಸಾಕು, ಉಳಿದವು ಸುಮ್ಮನೆ ಕೂತಿರುತ್ತಿದ್ದವು. 2008ರಲ್ಲಿ ಬಂದ 'ಟರ್ಬೊ ಬೂಸ್ಟ್', ಸುಮ್ಮನಿರುವ ಕೋರ್‌ಗಳ ಪಾಲಿನ ವಿದ್ಯುತ್ತನ್ನು ದುಡಿಯುವ ಕೋರ್‌ಗೆ ಕೊಟ್ಟಿತು. 2009ರಲ್ಲಿ ಅದು ಲ್ಯಾಪ್‌ಟಾಪ್‌ಗೂ ಬಂತು. ಕೋರ್ ಐ7-720ಕ್ಯೂಎಂ ಚಿಪ್ಪಿನ ಮೂಲ ವೇಗ 1.6 ಗಿಗಾಹರ್ಟ್ಸ್, ಟರ್ಬೊದಲ್ಲಿ 2.8.

ದೊಡ್ಡ ಬದಲಾವಣೆ ಆಗಿದ್ದು 2011ರಲ್ಲಿ. ಒಲೆ ಮೇಲಿಟ್ಟ ಕಾವಲಿ ತಕ್ಷಣ ಕಾಯುವುದಿಲ್ಲ, ಸ್ವಲ್ಪ ಹೊತ್ತು ಬೇಕು. ಚಿಪ್ಪಿನ ಮೇಲಿನ ಲೋಹವೂ ಹಾಗೆಯೇ. ಅದು ಕಾಯುವವರೆಗಿನ ಸಮಯವನ್ನೇ ಇಂಟೆಲ್ ಬಳಸಿಕೊಂಡಿತು. ಅಷ್ಟು ಹೊತ್ತು ಚಿಪ್ ತನ್ನ ಮಿತಿಗಿಂತ ಹೆಚ್ಚು ವಿದ್ಯುತ್ ಎಳೆಯಬಹುದು. ಆದರೆ ಎಳೆದ ವಿದ್ಯುತ್ತಿನ ಸರಾಸರಿ ಲೆಕ್ಕ ನಡೆಯುತ್ತಲೇ ಇರುತ್ತದೆ, ಅನೇಕ ಲ್ಯಾಪ್‌ಟಾಪ್‌ಗಳಲ್ಲಿ 28 ಸೆಕೆಂಡಿನ ಅಳತೆಯಲ್ಲಿ. ಸರಾಸರಿ ಮಿತಿ ಮುಟ್ಟಿದೊಡನೆ ವೇಗ ಇಳಿಯುತ್ತದೆ. ಆಮೇಲೆ ಎಷ್ಟು ವೇಗ ಉಳಿಯುತ್ತದೆ ಅನ್ನುವುದು ಕಂಪನಿ ಇಟ್ಟ ಮಿತಿ ಮತ್ತು ಫ್ಯಾನ್ ಎಷ್ಟು ಬಿಸಿ ಹೊರಹಾಕುತ್ತದೆ ಅನ್ನುವುದರ ಮೇಲೆ. ಅದಕ್ಕೇ ಒಂದೇ ಚಿಪ್ ಇರುವ ಎರಡು ಲ್ಯಾಪ್‌ಟಾಪ್ ಒಂದೇ ಥರ ಓಡುವುದಿಲ್ಲ.

2018ರಲ್ಲಿ ಇದು ಬೀದಿಗೆ ಬಂತು. ಆಪಲ್‌ನ ಹೊಸ ಮ್ಯಾಕ್‌ಬುಕ್ ಪ್ರೊದ ಐ9 ಚಿಪ್ಪಿಗೆ ಮೂಲ ವೇಗ 2.9, ಟರ್ಬೊ 4.8 ಗಿಗಾಹರ್ಟ್ಸ್. ಭಾರೀ ಕೆಲಸದಲ್ಲಿ ಅದು ಮೂಲ ವೇಗಕ್ಕಿಂತಲೂ ಕೆಳಗಿಳಿಯುತ್ತಿದೆ ಎಂಬ ದೂರು ಬಂತು. ಬಿಸಿ ನಿಭಾಯಿಸುವ ಸಾಫ್ಟ್‌ವೇರ್‌ನಲ್ಲಿ ದೋಷ ಇದ್ದದ್ದನ್ನು ಆಪಲ್ ಒಪ್ಪಿಕೊಂಡು, ಕ್ಷಮೆ ಕೇಳಿ ಸರಿಪಡಿಸಿತು.

2021ರ 12ನೇ ತಲೆಮಾರಿನಿಂದ ಇಂಟೆಲ್ ಮೂಲ ವಿದ್ಯುತ್ ಮತ್ತು ಗರಿಷ್ಠ ಟರ್ಬೊ ವಿದ್ಯುತ್ ಎರಡನ್ನೂ ಬೇರೆಬೇರೆಯಾಗಿ ಬರೆಯುತ್ತಿದೆ.

ಹಾಗಾಗಿ ಪೂರ್ತಿ ಮೋಸ ಅನ್ನಲಾಗದು, ಅಂಗಡಿಯಲ್ಲಿ ಹೇಳಿದ್ದು ಅರ್ಧ ಮಾತ್ರ. ಮಕ್ಕಳ ಓದಿಗೆ ಸಾಲ ಮಾಡಿ ಲ್ಯಾಪ್‌ಟಾಪ್ ಕೊಳ್ಳುವವರು ಉಳಿದರ್ಧ ಕೇಳಿ: ಮೂಲ ವೇಗ ಎಷ್ಟು, ಒಂದು ಗಂಟೆ ದುಡಿದರೆ ಎಷ್ಟು ಉಳಿಯುತ್ತದೆ? ತಂದ ಮೇಲೆ ಹಾಸಿಗೆ ಮೇಲಿಟ್ಟು ಗಾಳಿಕಿಂಡಿ ಮುಚ್ಚಬೇಡಿ, ಧೂಳು ತೆಗೆಸಿ.