ಎಪಿ ಕ್ಯಾಲ್ಕ್ಯುಲಸ್

ಅಮೆರಿಕದ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಕಾಲೇಜ್ ಬೋರ್ಡ್ ಸಂಸ್ಥೆ ರೂಪಿಸಿರುವ, ಕಾಲೇಜು ಮಟ್ಟದ ಕಲನಶಾಸ್ತ್ರದ ಪಠ್ಯಕ್ರಮ. ಎಬಿ, ಬಿಸಿ ಎಂಬ ಎರಡು ಕೋರ್ಸುಗಳಿವೆ. ಎಬಿಯಲ್ಲಿ ಮಿತಿ, ಅವಕಲನ, ಅನುಕಲನಗಳಿದ್ದು, ಅದು ಕಾಲೇಜಿನ ಸುಮಾರು ಒಂದು ಸೆಮಿಸ್ಟರಿಗೆ ಸಮ. ಬಿಸಿ ಇವೆಲ್ಲವನ್ನೂ ಒಳಗೊಂಡು ಧ್ರುವೀಯ ನಿರ್ದೇಶಾಂಕ, ಆಯ್ಲರ್ ವಿಧಾನ, ಅನಂತ ಶ್ರೇಣಿಗಳವರೆಗೆ ಸಾಗುತ್ತದೆ. ಎಬಿ ಮುಗಿಸಿಯೇ ಬಿಸಿಗೆ ಹೋಗಬೇಕೆಂಬ ಕಡ್ಡಾಯವಿಲ್ಲ. ತ್ರಿಕೋನಮಿತಿ, ಬೀಜಗಣಿತ ಗಟ್ಟಿಯಿದ್ದವರು ನೇರವಾಗಿ ಬಿಸಿ ಸೇರಬಹುದು. ಬುನಾದಿ ಸಡಿಲವಿದ್ದರೆ ಎಬಿಯೇ ಲೇಸು.

ಪರೀಕ್ಷೆ ಮೇ ತಿಂಗಳಲ್ಲಿ ನಡೆಯುತ್ತದೆ. ಅಂಕ 1ರಿಂದ 5. ಬಿಸಿ ಬರೆದವರಿಗೆ ಎಬಿ ಭಾಗದ ಉಪಾಂಕವೂ ಸಿಗುತ್ತದೆ. ಯಾವ ಅಂಕಕ್ಕೆ ಎಷ್ಟು ಕ್ರೆಡಿಟ್ ಎಂಬುದನ್ನು ಆಯಾ ವಿಶ್ವವಿದ್ಯಾಲಯವೇ ನಿರ್ಧರಿಸುತ್ತದೆ.

ಈ ಪರೀಕ್ಷೆಗೆ ಜನಪ್ರಿಯತೆ ತಂದದ್ದು, ವಿಚಿತ್ರವೆಂಬಂತೆ, ಒಂದು ಅನುಮಾನ. 1982ರಲ್ಲಿ ಲಾಸ್ ಏಂಜಲೀಸ್‌ನ ಗಾರ್ಫೀಲ್ಡ್ ಹೈಸ್ಕೂಲಿನಲ್ಲಿ ಶಿಕ್ಷಕ ಹೈಮೆ ಎಸ್ಕಲಾಂಟೆ ಅವರ 18 ವಿದ್ಯಾರ್ಥಿಗಳು ಉತ್ತೀರ್ಣರಾದಾಗ, 14 ಮಂದಿಯ ಮೇಲೆ ನಕಲಿನ ಶಂಕೆ ಬಂತು. ಮರುಪರೀಕ್ಷೆ ಬರೆದ 12 ಮಂದಿಯೂ ತೇರ್ಗಡೆಯಾದರು. 1988ರ ‘ಸ್ಟ್ಯಾಂಡ್ ಅಂಡ್ ಡೆಲಿವರ್’ ಚಲನಚಿತ್ರ ಇದನ್ನೇ ಆಧರಿಸಿದೆ.