ಎಡ್ಮಂಟನ್ ಗ್ರ್ಯಾಡ್ಸ್

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಎಡ್ಮಂಟನ್ ನಗರದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ (1915–1940). ಮೆಕ್‌ಡೂಗಲ್ ಕಮರ್ಷಿಯಲ್ ಹೈಸ್ಕೂಲಿನ ಹಳೆಯ ವಿದ್ಯಾರ್ಥಿನಿಯರಿಂದ ರೂಪುಗೊಂಡಿತು. ಅಲ್ಲಿನ ಶಿಕ್ಷಕ ಪರ್ಸಿ ಪೇಜ್ ಕೊನೆಯವರೆಗೂ ತರಬೇತುದಾರ. 1923ರಲ್ಲಿ ಅಂಡರ್‌ವುಡ್ ಟ್ರೋಫಿ ಗೆದ್ದು, ವಿಸರ್ಜನೆಯವರೆಗೂ ಅದನ್ನು ಬಿಟ್ಟುಕೊಡಲಿಲ್ಲ. ಆಡಿದ ಪಂದ್ಯಗಳಲ್ಲಿ ಗೆದ್ದದ್ದು ಸುಮಾರು ಶೇ. 95. ಶ್ರಮದ ಆಟ ಸ್ತ್ರೀದೇಹಕ್ಕೆ, ತಾಯ್ತನಕ್ಕೆ ಹಾನಿಯೆಂದು ಅನೇಕ ವೈದ್ಯರೂ ಶಿಕ್ಷಣತಜ್ಞರೂ ನಂಬಿದ್ದ ಕಾಲದಲ್ಲಿ, ದಿನವಿಡೀ ಕಚೇರಿಗಳಲ್ಲಿ, ಅಂಗಡಿಗಳಲ್ಲಿ ದುಡಿದು ಸಂಜೆ ಅಭ್ಯಾಸ ಮಾಡುತ್ತಿದ್ದ ಈ ಹವ್ಯಾಸಿ ಆಟಗಾರ್ತಿಯರ ಪಂದ್ಯಗಳಿಗೆ ಸಾವಿರಾರು ಜನ ಸೇರುತ್ತಿದ್ದರು. ಆ ನಂಬಿಕೆಯನ್ನು ಅಲುಗಿಸಿದ್ದೇ ತಂಡದ ದೊಡ್ಡ ಸಾಧನೆ. ಆದರೂ ಮದುವೆಯಾದವರು ಸಾಮಾನ್ಯವಾಗಿ ತಂಡ ಬಿಡಬೇಕಿತ್ತು. 1924ರಿಂದ 1936ರವರೆಗೆ ಒಲಿಂಪಿಕ್ಸ್ ಜೊತೆಗೆ ನಡೆದ ಪ್ರದರ್ಶನ ಪಂದ್ಯಗಳಲ್ಲಿ ಅಜೇಯ, ಪದಕವಿಲ್ಲ. ಮಹಿಳಾ ಬ್ಯಾಸ್ಕೆಟ್‌ಬಾಲ್ ಒಲಿಂಪಿಕ್ ಸ್ಪರ್ಧೆಯಾದದ್ದು 1976ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ.