ಕೊಡಚಾದ್ರಿ ಮತ್ತು ನಮ್ಮ ಸೀಮೆ

ನಗರದ ಸುತ್ತಿನ ಊರುಗಳಲ್ಲಿ ಮಳೆ ಬರುವ ಸುದ್ದಿಯನ್ನು ಮೊದಲು ಹೇಳುವುದು ಪಡುವಣ ದಿಕ್ಕಿನ ಕೊಡಚಾದ್ರಿ. ಸಮುದ್ರಮಟ್ಟದಿಂದ 1,343 ಮೀಟರ್ ಎತ್ತರದ ಈ ಶಿಖರ ಹೊಸನಗರ ತಾಲ್ಲೂಕಿಗೆ ಸೇರಿದ್ದು. ಸಂಸ್ಕೃತದ 'ಕುಟಜಾದ್ರಿ'ಯೇ ಕೊಡಚಾದ್ರಿಯಾಯಿತೆನ್ನುತ್ತಾರೆ. ಕುಟಜವೆಂದರೆ ನಮ್ಮ ಕಾಡಿನ ಬಿಳಿ ಹೂವಿನ ಕೊಡಸಿಗೆ ಗಿಡ.

ತುದಿಯಲ್ಲಿ ಕಲ್ಲಿನ ಪುಟ್ಟ ಸರ್ವಜ್ಞ ಪೀಠವಿದೆ. ಶಂಕರಾಚಾರ್ಯರು ಇಲ್ಲಿ ತಪಸ್ಸು ಮಾಡಿದರೆಂಬುದು ಭಕ್ತರ ನಂಬಿಕೆ. ಕೆಳಗೆ ಮೂಲ ಮೂಕಾಂಬಿಕೆಯ ಗುಡಿ, ಅದರೆದುರು ಕಬ್ಬಿಣದ ಎತ್ತರದ ಕಂಬ. ಕೊಲ್ಲೂರಿಗೆ ಬರುವ ಯಾತ್ರಿಕರಲ್ಲಿ ಅನೇಕರು, ವಿಶೇಷವಾಗಿ ಕೇರಳದವರು, ಇಲ್ಲಿಯವರೆಗೂ ಹತ್ತಿ ಬರುತ್ತಾರೆ.

ಇಕ್ಕೇರಿಯ ನಂತರ ಕೆಳದಿ ಅರಸರು ರಾಜಧಾನಿಯನ್ನು ಬಿದನೂರಿಗೆ ತಂದರು. ದಟ್ಟ ಕಾಡು, ಕಡಿದಾದ ಘಟ್ಟ, ಬಿಡದ ಮಳೆ, ಇವೇ ಅದರ ಹೊರಕೋಟೆ. ಶಿವಪ್ಪನಾಯಕನ ಕಾಲದಲ್ಲಿ ಈ ಊರು ವೈಭವಕ್ಕೇರಿತು. ಮಲೆನಾಡಿನ ಮೆಣಸು ಘಟ್ಟವಿಳಿದು ಕರಾವಳಿಯ ಬಂದರುಗಳನ್ನು ಸೇರುತ್ತಿತ್ತು. ಆ ಸಂಪತ್ತೇ ಶತ್ರುಗಳನ್ನೂ ಕರೆಯಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಅದಕ್ಕೆ ಹೈದರ್‌ನಗರವೆಂದು ಹೆಸರಿಟ್ಟನು. ಇಂದು ಉಳಿದಿರುವುದು 'ನಗರ' ಎಂಬ ಹೆಸರು, ಪಾಳುಬಿದ್ದ ಕೋಟೆ ಮತ್ತು ದೇವಗಂಗೆಯ ಕೊಳಗಳು.

ಬೆಟ್ಟದ ಪಶ್ಚಿಮಕ್ಕೆ ಬಿದ್ದ ಮಳೆ ಸೌಪರ್ಣಿಕಾ, ಚಕ್ರಾ ನದಿಗಳಾಗಿ ಗಂಗೊಳ್ಳಿಯ ಬಳಿ ಕಡಲು ಸೇರುತ್ತದೆ. ಪೂರ್ವಕ್ಕೆ ಹರಿದ ಹಳ್ಳಗಳು ಶರಾವತಿಯನ್ನು ಕೂಡುತ್ತವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಊರುಗಳು ಮುಳುಗಿದವು. ನಾಡಿಗೆ ಬೆಳಕು ಬಂತು. ಗದ್ದೆ, ತೋಟ, ಮನೆ ಬಿಟ್ಟವರಿಗೆ ಕಾಡಿನಂಚಿನ ಜಾಗ ಸಿಕ್ಕಿತು. ಅವರಲ್ಲಿ ಅನೇಕರ ಹಕ್ಕುಪತ್ರದ ಪ್ರಶ್ನೆ ದಶಕಗಳವರೆಗೂ ಬಗೆಹರಿಯಲಿಲ್ಲ. ಅಂಥ ಮನೆತನಗಳ ಮಕ್ಕಳೂ ನಮ್ಮ ಶಾಲೆಯ ಬೆಂಚುಗಳಲ್ಲಿ ಕುಳಿತು ಓದಿದ್ದಾರೆ.

ಕಾಡು ಈಗ ಮೂಕಾಂಬಿಕಾ ಅಭಯಾರಣ್ಯದ ರಕ್ಷಣೆಯಲ್ಲಿದೆ. ಆದರೂ ಜೀಪುಗಳ ಸಾಲು, ತುದಿಯಲ್ಲಿ ಬೀಳುವ ಪ್ಲಾಸ್ಟಿಕ್ ನೋಡಿದರೆ ಕಾಯುವ ಕೆಲಸ ಇಲಾಖೆಯೊಂದರಿಂದ ಆಗುವಂಥದ್ದಲ್ಲವೆಂದು ತಿಳಿಯುತ್ತದೆ. ಶಿಖರದ ಕಣಿವೆಗಳಲ್ಲಿರುವ ಶೋಲಾ ಕಾಡು ಮಳೆನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ನಿಧಾನವಾಗಿ ಬಿಡುತ್ತದೆ. ಅದು ಹೋದರೆ ಕೆಳಗಿನ ಅಡಿಕೆ ತೋಟಕ್ಕೂ ನೀರಿಲ್ಲ.

ಕೋಟೆಯ ಚರಿತ್ರೆ ಪುಸ್ತಕದಲ್ಲಿದೆ. ಮುಳುಗಿದ ಊರುಗಳ ಚರಿತ್ರೆ ಹಿರಿಯರ ನೆನಪಿನಲ್ಲಿ ಮಾತ್ರವಿದೆ. ಆ ಊರುಗಳ, ಕೇರಿಗಳ, ಹಳ್ಳಗಳ ಹೆಸರನ್ನು ಅಜ್ಜ ಅಜ್ಜಿಯರಿಂದ ಕೇಳಿ ಬರೆದಿಡುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಈ ಸುವರ್ಣ ಮಹೋತ್ಸವದ ವರ್ಷದಲ್ಲೇ ಆರಂಭಿಸಲಿ. ಹೇಳುವವರು ಇರುವಾಗಲೇ ಕೇಳಬೇಕು.